ಕಾಂಪ್ಯಾಕ್ಟ್ ಪಿಡಿಎಫ್417 ಒಳಗೆ ಡೇಟಾ ಹೆಂಗೆ ಕೂರುತ್ತೆ? ಭೋಸರಿಯಿಂದ ಒಂದು ಡೌಟು

ಭೋಸರಿ_ಡಿಸ್ಪ್ಯಾಚ್:
ಎಲ್ರಿಗೂ ನಮಸ್ಕಾರ. ಪುಣೆ ಭೋಸರಿ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾಲಿ ಪಾರ್ಟ್ಸ್ ಮಾಡೋ ಕಂಪನಿಲಿ ಡಿಸ್ಪ್ಯಾಚ್ ನೋಡ್ಕೊತೀನಿ. ಹೊಸ ಕಸ್ಟಮರ್ ಒಬ್ರು ಲೇಬಲ್ ಡ್ರಾಯಿಂಗ್ ಕಳ್ಸಿದಾರೆ, ಕ್ಯೂಆರ್ ಬೇಡ್ವಂತೆ, ಕಾಂಪ್ಯಾಕ್ಟ್ ಪಿಡಿಎಫ್417 ಅನ್ನೋ ಬಾರ್‌ಕೋಡ್ ಬೇಕಂತೆ, ನಾಲ್ಕು ಕಾಲಂ, ಎರರ್ ಕರೆಕ್ಷನ್ (ಸ್ವಲ್ಪ ಹಾಳಾದ್ರೂ ಓದೋ ವ್ಯವಸ್ಥೆ) ಲೆವೆಲ್ 2. ನಮ್ ಲೇಬಲ್ ಸಾಫ್ಟ್‌ವೇರ್ ತೆಗೆದ್ರೆ ಪಿಡಿಎಫ್417, ಟ್ರಂಕೇಟೆಡ್, ಮೈಕ್ರೋ ಅಂತ ಮೂರು ತೋರ್ಸುತ್ತೆ, ಕಾಂಪ್ಯಾಕ್ಟ್ ಅನ್ನೋದೇ ಇಲ್ಲ. ಕ್ವಾಲಿಟಿ ಸಾಹೇಬ್ರನ್ನ ಕೇಳಿದ್ರೆ ಕಾಂಪ್ಯಾಕ್ಟ್ ಅಂದ್ರೆ ಝಿಪ್ ಫೈಲ್ ಥರ ಡೇಟಾ ಒತ್ತಿ ತುಂಬುತ್ತೆ, ಜಾಸ್ತಿ ಅಕ್ಷರ ಹಿಡಿಯುತ್ತೆ ಅಂತಾರೆ. ನಿಜಾನಾ? ಒಂದು ಅಕ್ಷರ ಆ ಗೆರೆಗಳಾಗಿ ಹೆಂಗೆ ಬದಲಾಗುತ್ತೆ ಅಂತ ಗೊತ್ತಿರೋರು ಸ್ವಲ್ಪ ಬಿಡ್ಸಿ ಹೇಳಿ. ನಾವು ಹಾಕ್ಬೇಕಿರೋದು 40 ಅಕ್ಷರ, ಎಲ್ಲ ಇಂಗ್ಲಿಷ್ ಕ್ಯಾಪಿಟಲ್.

ಡೊಂಬಿವಲಿ_ಮಾರಾಯ:
ಸಾಹೇಬ್ರು ಹೇಳಿದ್ದು ಸರಿ ಇಲ್ಲ ಮಾರಾಯ್ರೆ. ನಿಮ್ಮ ಲಿಸ್ಟಲ್ಲಿ ಟ್ರಂಕೇಟೆಡ್ ಅಂತ ಉಂಟಲ್ಲ, ಅದೇ ಕಾಂಪ್ಯಾಕ್ಟ್. ಹಳೆಯವರು ಟ್ರಂಕೇಟೆಡ್ ಅಂತಾರೆ, ಐಎಸ್‌ಒ 15438ರಲ್ಲಿ ಕಾಂಪ್ಯಾಕ್ಟ್ ಅಂತ ಉಂಟು. ಮೈಕ್ರೋ ಮಾತ್ರ ಬೇರೆಯೇ ಜಾತಿ, ಅದನ್ನು ಒತ್ತಲಿಕ್ಕೆ ಹೋಗ್ಬೇಡಿ, ಅದಕ್ಕೆ ಸ್ಟಾಂಡರ್ಡೇ ಬೇರೆ.

ಡೇಟಾ ಒಂದು ಚೂರೂ ಒತ್ತುವುದಿಲ್ಲ ಅದು. ಒಂದು ಸಾಲು ತಗೊಳ್ಳಿ. ಎಡಗಡೆ ಸ್ಟಾರ್ಟ್ ಪ್ಯಾಟರ್ನ್ 17 ಮಾಡ್ಯೂಲ್ (ಮಾಡ್ಯೂಲ್ ಅಂದ್ರೆ ಎಲ್ಲಕ್ಕಿಂತ ಸಪೂರ ಗೆರೆಯ ಅಗಲ), ಆಮೇಲೆ ಎಡ ರೋ ಇಂಡಿಕೇಟರ್ 17, ಆಮೇಲೆ ಡೇಟಾ ಕೋಡ್‌ವರ್ಡ್‌ಗಳು ಒಂದೊಂದೂ 17, ಆಮೇಲೆ ಬಲ ಇಂಡಿಕೇಟರ್ 17, ಕೊನೆಗೆ ಸ್ಟಾಪ್ 18. ಕೋಡ್‌ವರ್ಡ್ ಅಂದ್ರೆ ನಾಲ್ಕು ಕಪ್ಪು ಪಟ್ಟಿ ನಾಲ್ಕು ಬಿಳಿ ಜಾಗ, ಒಟ್ಟು ಅಗಲ 17, ಹೆಸರಲ್ಲಿ 417 ಬಂದದ್ದೇ ಅಲ್ಲಿಂದ. ಪಿಡಿಎಫ್ ಅಂದ್ರೆ ಇಲ್ಲಿ ಪೋರ್ಟಬಲ್ ಡೇಟಾ ಫೈಲ್, ಕಂಪ್ಯೂಟರಲ್ಲಿ ಓದುವ ಆ ಪಿಡಿಎಫ್‌ಗೂ ಇದಕ್ಕೂ ಸಂಬಂಧ ಇಲ್ಲ. ಕಾಂಪ್ಯಾಕ್ಟ್‌ನಲ್ಲಿ ಬಲ ಇಂಡಿಕೇಟರ್ ಪೂರ್ತಿ ತೆಗೀತಾರೆ, ಸ್ಟಾಪ್ ಜಾಗದಲ್ಲಿ ಒಂದೇ ಮಾಡ್ಯೂಲಿನ ಸಪೂರ ಗೆರೆ ಬಿಡ್ತಾರೆ, ಅಷ್ಟೇ. ಸಾಲಿಗೆ 34 ಮಾಡ್ಯೂಲ್ ಉಳಿತಾಯ. ನಿಮ್ಮ ನಾಲ್ಕು ಕಾಲಮಿಗೆ 137 ಇದ್ದದ್ದು 103 ಆಯ್ತು, ಒಂದು ಮಾಡ್ಯೂಲ್ 0.25 ಮಿಮೀ ಅಂತ ಹಿಡಿದ್ರೆ 34.25 ಮಿಮೀ ಇದ್ದದ್ದು 25.75. ಕಾಲಂ ಕಮ್ಮಿ ಇದ್ದಷ್ಟೂ ಲಾಭ ಜಾಸ್ತಿ ಕಾಣ್ತದೆ, 30 ಕಾಲಂ ಹಾಕಿದವನಿಗೆ 34 ಮಾಡ್ಯೂಲ್ ಲೆಕ್ಕಕ್ಕೇ ಬರುದಿಲ್ಲ.

ಆ ಇಂಡಿಕೇಟರ್ ಯಾಕೆ ಅಂತ ಕೇಳಿದ್ರೆ, ನಮ್ಮ ಹಳೆ ಮುಂಬೈ ಚಾಳಲ್ಲಿ ಎರಡೂ ತುದಿ ಮೆಟ್ಟಿಲ ಹತ್ರ ಮಾಳಿಗೆ ನಂಬರ್ ಬರೆದ ಹಾಗೆ, ಯಾವ ಕಡೆಯಿಂದ ಹತ್ತಿದ್ರೂ ಎಷ್ಟನೇ ಮಾಳಿಗೆ ಅಂತ ಗೊತ್ತಾಗ್ಬೇಕು. ಸಾಲಿನ ನಂಬರ್ ಜೊತೆಗೆ ಒಟ್ಟು ಸಾಲು ಎಷ್ಟು, ಕಾಲಂ ಎಷ್ಟು, ಎರರ್ ಲೆವೆಲ್ ಎಷ್ಟು ಅನ್ನೋದೂ ಅದರಲ್ಲೇ ಇರ್ತದೆ, ಒಂದೇ ಕಡೆ ಅಲ್ಲ, ಮೂರು ಮೂರು ಸಾಲಿಗೆ ಹಂಚಿ ಇಟ್ಟಿರ್ತಾರೆ. ಕಾಂಪ್ಯಾಕ್ಟ್‌ನಲ್ಲಿ ಎಡಗಡೆ ಹರಿದು ಹೋದ್ರೆ ಈ ಮಾಹಿತಿಗೆ ಬಲಗಡೆ ನಕಲೇ ಇಲ್ಲ. ಲೇಬಲ್ ಹಾಳಾಗದ ಜಾಗಕ್ಕೆ ಮಾತ್ರ ಅದು ಸರಿ. ಎಣ್ಣೆ ಹತ್ತುವ ಬಾಕ್ಸಿಗೆ ಯಾಕೆ ಕೇಳ್ತಿದ್ದಾರೋ ನಂಗೆ ಅರ್ಥ ಆಗ್ಲಿಲ್ಲ.

ಭೋಸರಿ_ಡಿಸ್ಪ್ಯಾಚ್:
ಥ್ಯಾಂಕ್ಸ್ ಅಣ್ಣ, ಟ್ರಂಕೇಟೆಡ್ ಹಾಕಿ ನೋಡ್ದೆ, ಬಲಗಡೆ ದಪ್ಪ ಪಟ್ಟಿ ಮಾಯ ಆಯ್ತು. ಬಾಕ್ಸ್ ಅಲ್ಲ, ಒಳಗಡೆ ಪಾಲಿಥಿನ್ ಕವರ್ ಮೇಲೆ ಅಂಟ್ಸೋದು, ಜಾಗ ಕಮ್ಮಿ ಇದೆ ಅಲ್ಲಿ. ಸರಿ, ಅಕ್ಷರ ನಂಬರ್ ಆಗೋದು ಹೆಂಗೆ?

ವಾಸ್ಕೋ_ಮಂದಿ:
ಅದನ್ನ ನಾ ಹೇಳ್ತೀನಿ ತಮ್ಮಾ. ಎರಡು ಹಂತದಾಗ ಆಗ್ತೈತಿ, ಮೊದಲು ಅಕ್ಷರ ಹೋಗಿ ಅಂಕಿ ಆಗ್ತೈತಿ, ಆಮ್ಯಾಲೆ ಅಂಕಿ ಹೋಗಿ ಗೆರಿ ಆಗ್ತೈತಿ. ಒಂದು ಕೋಡ್‌ವರ್ಡ್ ಬೆಲಿ 0ದಿಂದ 928ರ ತನಕ, ಒಟ್ಟು 929. ಡೇಟಾಕ್ಕ 899ರ ತನಕ ಬಳಸ್ತಾರ, 900ರ ಮ್ಯಾಲಿನವು ಮೋಡ್ ಬದಲಿ ಮಾಡು ಅಂತ ಹೇಳೋ ಥರದ ಸೂಚನಾ. 929 ಅವಿಭಾಜ್ಯ ಸಂಖ್ಯಾ ನೋಡ್ರಿ, ಅದಕ್ಕ ರೀಡ್-ಸಾಲೊಮನ್ ಎರರ್ ಕರೆಕ್ಷನ್ ಲೆಕ್ಕ ಸೀದಾ ಆ 929ರ ಮ್ಯಾಲೇ ನಡೀತೈತಿ.

ಟೆಕ್ಸ್ಟ್ ಮೋಡಿನಾಗ ಕ್ಯಾಪಿಟಲ್ ಎ ಅಂದ್ರ 0, ಬಿ ಅಂದ್ರ 1, ಹಿಂಗ ಝಡ್ 25, ಸ್ಪೇಸ್ 26. ಎರಡೆರಡು ಅಕ್ಷರ ಜೋಡಿ ಮಾಡಿ ಮೊದಲನೇದನ್ನ 30ರಿಂದ ಗುಣಿಸಿ ಎರಡನೇದು ಕೂಡಿಸೂದು. ನಿಮ್ಮ ಊರೇ ತಗೋರಿ, ಪಿ ಯು ಎನ್ ಇ. ಪಿ 15, ಯು 20, ಅಂದ್ರ 15ನ್ನ 30ರಿಂದ ಗುಣಿಸಿ 20 ಕೂಡಿಸಿದ್ರ 470. ಎನ್ 13, ಇ 4, ಅಂದ್ರ 394. ಮುಗೀತು, ನಾಕು ಅಕ್ಷರ ಎರಡು ಕೋಡ್‌ವರ್ಡ್. ನಮ್ಮ ಗೋವಾಕ್ಕ ಮೂರೇ ಅಕ್ಷರ, ಜಿ ಒ ಸೇರಿ 194, ಉಳಿದ ಎ ಒಂಟಿ ಆಗ್ತೈತಿ, ಅದಕ್ಕ ಜೋಡಿಯಾಗಿ 29 ತುಂಬ್ತಾರ, ಎ 0 ಇರೂದಕ್ಕ 30ರಿಂದ ಗುಣಿಸಿ 29 ಕೂಡಿಸಿದ್ರ ಕೋಡ್‌ವರ್ಡೂ 29 ಆಗ್ತೈತಿ. ಸಣ್ಣ ಅಕ್ಷರಕ್ಕ, ಅಂಕಿಗೆ ಹೋಗಬೇಕಂದ್ರ ನಡುವ ಸ್ವಿಚ್ ಮಾಡೋ ಬೆಲಿ ಒಂದೊಂದು ತುರುಕಬೇಕು, ಅಲ್ಲೇ ಜಾಗ ಹೋಗೂದು. ಅದಕ್ಕ ಹೇಳೂದು, ಸಣ್ಣ ದೊಡ್ಡ ಅಕ್ಷರ ಕಲಸಬ್ಯಾಡ್ರಿ.

ಬರೇ ಅಂಕಿಗೆ ಬ್ಯಾರೆ ಮೋಡ್ ಐತಿ, 902. ಅಂಕಿ ಸಾಲಿನ ಮುಂದ 1 ಹಚ್ಚಿ ಇಡೀ ಸಂಖ್ಯಾ 900ರ ಬೇಸಿಗೆ ತರ್ತಾರ, ಅಂದ್ರ 900ರಿಂದ ಭಾಗಿಸ್ಕೋತ ಹೋಗಿ ಉಳಿದ ಶೇಷ ಬರೀತಾರ. ಪುಣೆ ಪಿನ್ 411001 ಅಂದ್ರ 1411001 ಆಗಿ, 1, 667, 701 ಅಂತ ಮೂರು ಕೋಡ್‌ವರ್ಡ್, 902 ಸೇರಿ ನಾಕು. ಇದನ್ನ ಟೆಕ್ಸ್ಟ್ ಮೋಡಿನಾಗ ಬರೆದ್ರೂ ಸ್ವಿಚ್ ಸೇರಿ ನಾಕೇ ಆಗ್ತಾವ, ಅಂದ್ರ ಸಣ್ಣ ಸಂಖ್ಯಾಕ್ಕ ಏನೂ ಫಾಯ್ದಾ ಇಲ್ಲ. ಉದ್ದ ಇದ್ರ ಖರೇನ ಉಳೀತೈತಿ, 44 ಅಂಕಿ 15 ಕೋಡ್‌ವರ್ಡಿನಾಗ ಹೋಗ್ತಾವ.

ದಾಬೋಳಿ ಏರ್‌ಪೋರ್ಟಿನಾಗ ಕೈಗೆ ಕೊಡೋ ಕಾಗದದ ಬೋರ್ಡಿಂಗ್ ಪಾಸ್ ಮ್ಯಾಲೆ ಉದ್ದಕ ಇರೂದು ಇದೇ ಪಿಡಿಎಫ್417, ಅದು ಪೂರಾ ಸೈಜಿಂದು. ಒಂದು ಫ್ಲೈಟಿಗೆ ಕಡ್ಡಾಯ ಇರೂದು 60 ಅಕ್ಷರ, ಶುರು ಎಂ1 ಅಂತ, ಆಮ್ಯಾಲೆ ಹೆಸರಿಗೆ 20 ಜಾಗ, ಪಿಎನ್‌ಆರ್, ಎಲ್ಲಿಂದ ಎಲ್ಲಿಗೆ, ತಾರೀಖು ಮಾತ್ರ ವರ್ಷದ ಎಷ್ಟನೇ ದಿನ ಅಂತ ಮೂರು ಅಂಕಿ. ಏನೂ ಗುಟ್ಟಿನ ಕೋಡ್ ಅಲ್ಲ, ಯಾರ ಬೇಕಾದ್ರೂ ಮೊಬೈಲಿನಾಗ ಓದ್ತಾರ, ಅದಕ್ಕ ಟ್ರಿಪ್ ಹೊಂಟೀನಿ ಅಂತ ಪಾಸ್ ಫೋಟೋ ಸ್ಟೇಟಸ್‌ಗೆ ಹಾಕಬ್ಯಾಡ್ರಿ.

ಕೊಥ್ರೂಡ್_ಕನ್ನಡತಿ:
ನಡುವೆ ಬಾಯಿ ಹಾಕ್ತಿದೀನಿ, ಕನ್ನಡ ಅಕ್ಷರ ಹಾಕಿದ್ರೆ?

ವಾಸ್ಕೋ_ಮಂದಿ:
ಹಾಕಬಹುದು ಅಕ್ಕಾ, ತುಟ್ಟಿ ಬೀಳ್ತೈತಿ. ಯುಟಿಎಫ್-8 ಅಂದ್ರ ಎಲ್ಲಾ ಭಾಷಾದ ಅಕ್ಷರ ಬೈಟ್ ಮಾಡೋ ಪದ್ಧತಿ, ಅದ್ರಾಗ ಕನ್ನಡದ ಒಂದೊಂದು ಚಿಹ್ನೆಕ್ಕ ಮೂರು ಬೈಟ್. ಮುಂಬೈ ಅನ್ನೂದ್ರಾಗ ಮ, ಉಕಾರ, ಸೊನ್ನೆ, ಬ, ಐಕಾರ ಅಂತ ಐದು, ಅಂದ್ರ 15 ಬೈಟ್. ಬೈಟ್ ಮೋಡಿನಾಗ 6 ಬೈಟಿಗೆ 5 ಕೋಡ್‌ವರ್ಡ್, ಉಳಿದಿದ್ದಕ್ಕ ಒಂದಕ್ಕೊಂದು, ಹಂಗಾಗಿ 13. ಇಂಗ್ಲಿಷಿನಾಗ ಮುಂಬೈ ಅಂತ ಕ್ಯಾಪಿಟಲ್ ಬರೆದ್ರ ಆರು ಅಕ್ಷರ, ಮೂರೇ ಕೋಡ್‌ವರ್ಡ್. ಮ್ಯಾಲೆ 927, 26 ಅಂತ ಇದು ಯುಟಿಎಫ್-8 ಅಂತ ಸ್ಕ್ಯಾನರಿಗೆ ಹೇಳಬೇಕು, ಭಾಳ ಮಂದಿ ಸಾಫ್ಟ್‌ವೇರ್ ಅದನ್ನ ಹಾಕೂದೇ ಇಲ್ಲ, ಆ ಕಡೆ ಕಸ ಬರ್ತೈತಿ.

ಡೊಂಬಿವಲಿ_ಮಾರಾಯ:
ಅಂಕಿ ಗೆರೆ ಆಗುವುದು ಬಾಕಿ ಉಂಟು, ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ಆದದ್ದೂ ಅದೇ. 470 ಅನ್ನುವ ಬೆಲೆಗೆ ಒಂದಲ್ಲ, ಮೂರು ಬೇರೆ ಬೇರೆ ಗೆರೆ ಚಿತ್ರ ಉಂಟು. ಮೊದಲ ಸಾಲಿಗೆ ಒಂದು ಸೆಟ್, ಎರಡನೆಯದಕ್ಕೆ ಇನ್ನೊಂದು, ಮೂರನೆಯದಕ್ಕೆ ಮತ್ತೊಂದು, ನಾಲ್ಕನೇ ಸಾಲಿಗೆ ಪುನಃ ಮೊದಲನೆಯದು. ಈ ಸೆಟ್‌ಗಳಿಗೆ ಕ್ಲಸ್ಟರ್ 0, 3, 6 ಅಂತ ಹೆಸರು. ನಾಲ್ಕು ಕಪ್ಪು ಪಟ್ಟಿಯ ಅಗಲ ನೋಡಿ, ಮೊದಲನೆಯದರಿಂದ ಎರಡನೆಯದು ಕಳೆದು ಮೂರನೆಯದು ಕೂಡಿಸಿ ನಾಲ್ಕನೆಯದು ಕಳೆಯಿರಿ, ಮೈನಸ್ ಬಂದ್ರೆ 9 ಸೇರಿಸಿ, ಸಿಗುವುದು ಕ್ಲಸ್ಟರ್ ನಂಬರ್. ಲೇಸರ್ ಗೆರೆ ಓರೆ ಬಿದ್ದು ಒಂದು ಸಾಲಿಂದ ಪಕ್ಕದ ಸಾಲಿಗೆ ಜಾರಿದ್ರೂ, ಓ ಕ್ಲಸ್ಟರ್ ಬದಲಾಯ್ತು, ಸಾಲು ದಾಟಿದೆ ಅಂತ ಸ್ಕ್ಯಾನರಿಗೆ ಅಲ್ಲೇ ಗೊತ್ತಾಗಿ ತುಂಡು ತುಂಡಾಗಿ ಓದಿದ್ದನ್ನು ಸರಿಯಾದ ಸಾಲಿಗೆ ಜೋಡಿಸ್ತದೆ. 1991ರಲ್ಲಿ ಸಿಂಬಲ್ ಟೆಕ್ನಾಲಜೀಸಿನವರು ಇದನ್ನು ತಂದಾಗ ಎಲ್ಲ ಕಡೆ ಇದ್ದದ್ದು ಲೇಸರ್ ಗನ್, ಕ್ಯಾಮರಾ ಅಲ್ಲ, ಅದಕ್ಕೇ ಇಷ್ಟು ತಲೆ ಓಡಿಸಿದ್ದು.

ಈಗ ನಿಮ್ಮ ಲೆಕ್ಕ. 40 ಕ್ಯಾಪಿಟಲಿಗೆ 20 ಕೋಡ್‌ವರ್ಡ್, ಎದುರಿಗೆ ಉದ್ದ ಹೇಳುವುದು 1, ಲೆವೆಲ್ 2ಕ್ಕೆ ಎರರ್ ಕರೆಕ್ಷನ್ 8, ಒಟ್ಟು 29. ನಾಲ್ಕು ಕಾಲಮಿಗೆ 8 ಸಾಲು, 32 ಮನೆ, ಖಾಲಿ ಮೂರಕ್ಕೆ 900 ತುಂಬ್ತದೆ. ಎಲ್ಲಿ ತಪ್ಪು ಅಂತ ಗೊತ್ತಿಲ್ಲದ 3 ಕೋಡ್‌ವರ್ಡ್ ಹಾಳಾದ್ರೂ ಓದ್ತದೆ, ಎಲ್ಲಿ ಅಳಿಸಿದೆ ಅಂತ ಗೊತ್ತಿದ್ರೆ 6. ಸಾಲಿನ ಎತ್ತರ ಮಾಡ್ಯೂಲಿನ ಮೂರರಷ್ಟಕ್ಕಿಂತ ಕಮ್ಮಿ ಮಾಡ್ಬೇಡಿ, ಅಂದ್ರೆ 0.25ಕ್ಕೆ 0.75, ಎಂಟು ಸಾಲಿಗೆ 6 ಮಿಮೀ, ಸುತ್ತ ಎರಡು ಮಾಡ್ಯೂಲ್ ಖಾಲಿ ಬಿಡಿ.

ಭೋಸರಿ_ಡಿಸ್ಪ್ಯಾಚ್:
ಸಾಫ್ಟ್‌ವೇರ್‌ನಲ್ಲೂ 8 ಸಾಲೇ ಬರ್ತಿದೆ! ಆದ್ರೆ ಡ್ರಾಯಿಂಗ್‌ನಲ್ಲಿ ಮಾಡ್ಯೂಲ್ 0.2 ಮಿಮೀ ಅಂತ ಕೊಟ್ಟಿದಾರೆ, ನಮ್ ಪ್ರಿಂಟರ್ 203 ಡಿಪಿಐ, ಅಂದ್ರೆ ಇಂಚಿಗೆ 203 ಚುಕ್ಕೆ.

ಡೊಂಬಿವಲಿ_ಮಾರಾಯ:
ಅದು ಆಗುದಿಲ್ಲ. 203ರಲ್ಲಿ ಒಂದು ಚುಕ್ಕೆ 0.125, ನಿಮಗೆ 0.125 ಅಥವಾ 0.25 ಸಿಗ್ತದೆ, ನಡುವಿನದ್ದು ಕೇಳಿದ್ರೆ ಕೆಲವು ಗೆರೆ ದಪ್ಪ ಕೆಲವು ಸಪೂರ ಬಂದು 17ರ ಲೆಕ್ಕವೇ ಎಡವಟ್ಟಾಗ್ತದೆ. 0.25 ಹಾಕಿ ಸ್ಯಾಂಪಲ್ ಕಳಿಸಿ ಅವರ ಅಪ್ರೂವಲ್ ಮೇಲ್‌ನಲ್ಲೇ ತಗೊಳ್ಳಿ, ಫೋನಲ್ಲಿ ಓಕೆ ಅಂದದ್ದನ್ನು ನಂಬ್ಬೇಡಿ.