ವೋಚರ್ ಎಲ್ಲಿದೆ ಭಾವ?

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಹಾಸನದ ದೊಡ್ಡಪ್ಪ ನಮ್ಮ 'ಅಜ್ಜಿಮನೆ' ಗ್ರೂಪಿಗೆ ಕಮಲದ ಹೂವಿನ ಶುಭೋದಯ ಹಾಕಿದರು. ಐದು ನಿಮಿಷ ಬಿಟ್ಟು ಇದು ಬಂತು:

"ಈ ಹಿರಿಯರನ್ನು ಒಮ್ಮೆ ನೋಡಿ! ಹಾಲಿವುಡ್ ನಟ ಜೆ.ಕೆ. ಸಿಮನ್ಸ್. 60 ವರ್ಷದ ತನಕ ಇವರು ಯಾರೆಂದು ಜಗತ್ತಿಗೇ ಗೊತ್ತಿರಲಿಲ್ಲ. ಚಿಲ್ಲರೆ ಪಾತ್ರ ಮಾಡಿಕೊಂಡು ಅರೆಹೊಟ್ಟೆಯಲ್ಲಿ ದಿನ ದೂಡಿದರು. ಆದರೆ ತಾಯಿಯ ಆಶೀರ್ವಾದ ಕೈಬಿಡಲಿಲ್ಲ!! ಅತ್ಯುತ್ತಮ ಪೋಷಕ ನಟ ಆಸ್ಕರ್ ಹಿಡಿದು ನಿಂತು ಹೇಳಿದ್ದು ಒಂದೇ ಮಾತು: ತಾಯಿಗೆ ಫೋನ್ ಮಾಡಿ. ಓದಿ ಕಣ್ಣೀರು ಬಂದರೆ ಹತ್ತು ಜನಕ್ಕೆ ಕಳಿಸಿ."

ಕೆಳಗೆ ಒಂದು ಫೋಟೋ. ಬಿಳಿ ಗಡ್ಡ, ಕೈಯಲ್ಲಿ ಡಂಬೆಲ್. ತೋಳು ನೋಡಿದರೆ ಅರೆಹೊಟ್ಟೆಯ ಲಕ್ಷಣ ಏನೇನೂ ಇಲ್ಲ.

ದೊಡ್ಡಪ್ಪ ಯಾವ ಫಾರ್ವರ್ಡನ್ನೂ ಸುಮ್ಮನೆ ಹಾಕೋರಲ್ಲ. ಪ್ರತಿಯೊಂದರ ಮೇಲೂ ಕಾಣದ ಅಕ್ಷರದಲ್ಲಿ ಒಂದು ವಿಳಾಸ ಇರುತ್ತೆ. ಸಕ್ಕರೆ ಕಾಯಿಲೆಯದ್ದು ಬಂದರೆ ತುಮಕೂರು ಅತ್ತೆಗೆ, ಸಾಲ ಮಾಡಿ ಕಾರು ತಗೊಳ್ಳೋರ ಕಥೆ ಬಂದರೆ ನನ್ನ ತಮ್ಮನಿಗೆ. 'ತಾಯಿಗೆ ಫೋನ್ ಮಾಡಿ' ಅಂದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅವರ ಮಗನಿಗೆ. ಅಲ್ಲಿ ಆಗ ಶನಿವಾರ ರಾತ್ರಿ ಒಂಬತ್ತರ ಹತ್ತಿರ, ಅಣ್ಣ ಎದ್ದೇ ಇರ್ತಾನೆ. ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ಟರು, ಬೆಲ್ ಹೊಡೆಯೋ ಹೊತ್ತು ಗೊತ್ತು.

ಮೊದಲ ಉತ್ತರ ತುಮಕೂರು ಅತ್ತೆಯದ್ದು. ಕೈಮುಗಿದ ಚಿತ್ರ ನಾಲ್ಕು, ಆಮೇಲೆ: "ಪೋಷಕರಿಗೂ ಆಸ್ಕರ್ ಕೊಡ್ತಾರಾ? ಒಳ್ಳೇದಾಯ್ತು. ಅದಕ್ಕೇ ಪಾಪ ತಾಯಿ ನೆನಪಾಗಿದೆ."

ಪೋಷಕ ನಟ ಅಂದರೆ ಪೋಷಕರ ಸಭೆಯ ಪೋಷಕ ಅಲ್ಲ ಅತ್ತೆ, ಅಂತ ಟೈಪ್ ಮಾಡಿ ಅಳಿಸಿದೆ. ಯೋಚನೆ ಮಾಡಿದರೆ ಆ ಮನುಷ್ಯ ಎಷ್ಟೋ ಸಿನಿಮಾದಲ್ಲಿ ಅಪ್ಪನೇ ತಾನೆ.

ಏಳು ಗಂಟೆಗೆ ಮೈಸೂರು ಮಾವ ಎದ್ದರು. ದೊಡ್ಡಮ್ಮನ ತಮ್ಮ, ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. "ಭಾವ, 'ಅರೆಹೊಟ್ಟೆ' ಅನ್ನೋದಕ್ಕೆ ಆಧಾರ ಏನು? ಈ ಮನುಷ್ಯ 2002ರಲ್ಲೇ ಸ್ಪೈಡರ್‌ಮ್ಯಾನ್‌ನಲ್ಲಿ ಪತ್ರಿಕೆ ಸಂಪಾದಕ. ನನ್ನ ಮೊಮ್ಮಗನಿಗೆ ಗೊತ್ತು, ಜಗತ್ತಿಗೆ ಗೊತ್ತಿಲ್ಲವಾ? ಸೋರ್ಸ್ ಹಾಕಿ."

ದೊಡ್ಡಪ್ಪ: "ಒಳ್ಳೆಯ ಮಾತಿಗೆ ಸೋರ್ಸ್ ಬೇಕಾಗಿಲ್ಲ."

ಮಾವ: "ಅಂದ್ರೆ ಇಲ್ಲ."

ದೊಡ್ಡಪ್ಪ: "ಅನ್ನ ಹಾಕಿದ ಕೈಗೂ ವೋಚರ್ ಕೇಳಿದವನು ನೀನು. ನಿನ್ನಿಂದ ಇನ್ನೇನು ನಿರೀಕ್ಷೆ ಮಾಡೋದು."

ಹೊಸದಾಗಿ ಸೇರಿದ ಸೊಸೆಯಂದಿರಿಗಾಗಿ ಹೇಳ್ತೀನಿ. ಇದು 1989ರ ಮದುವೆಯೊಂದರ ಅಡುಗೆ ಲೆಕ್ಕ. ಖರ್ಚೆಲ್ಲ ದೊಡ್ಡಪ್ಪನ ಕೈಯಲ್ಲಿತ್ತು. ಬೀಗರ ಔತಣ ಮುಗಿದ ರಾತ್ರಿ, ಎಲೆ ಎತ್ತುವ ಮೊದಲೇ ಮಾವ ಬಂದು, ಎಂಟುನೂರು ಲಾಡುವಿಗೆ ಬಿಲ್ ಇದೆ, ನಾನು ಎಣಿಸಿದ್ದು ಆರುನೂರ ಇಪ್ಪತ್ತು, ಮಿಕ್ಕಿದ್ದಕ್ಕೆ ವೋಚರ್ ಎಲ್ಲಿದೆ ಭಾವ, ಅಂದರಂತೆ. ಅಂದಿನಿಂದ ಇಬ್ಬರ ನಡುವೆ ಯಾವ ಮಾತು ಬಂದರೂ ಅದು ಆ ನೂರ ಎಂಬತ್ತು ಲಾಡುವಿನ ಹತ್ತಿರ ಹೋಗಿ ನಿಲ್ಲುತ್ತೆ. ಪಾಪ ಸಿಮನ್ಸ್ ಕೂಡ ಅಲ್ಲೇ ಹೋಗಿ ನಿಂತರು.

ಅಡ್ಮಿನ್ ಅನ್ನೋ ಒಂದೇ ತಪ್ಪಿಗೆ ನಾನು ಮಧ್ಯೆ ಬಾಯಿ ಹಾಕಿದೆ. ಈ ನಟನನ್ನ ನಾನು ಬಹಳ ವರ್ಷದಿಂದ ನೋಡ್ತಾ ಬಂದವಳು, ಹಾಗಾಗಿ ಸ್ವಲ್ಪ ಉದ್ದವಾಯ್ತು. 'ಇನ್ನಷ್ಟು ಓದಿ' ಒತ್ತಿದವರು ಗ್ರೂಪಿನಲ್ಲಿ ಯಾರೂ ಇದ್ದಂತಿಲ್ಲ, ಇಲ್ಲಾದರೂ ಹಾಕ್ತೀನಿ:

"ದೊಡ್ಡಪ್ಪ, ಮಾವ ಹೇಳಿದ್ದು ನಿಜ. 1955ರಲ್ಲಿ ಮಿಷಿಗನ್‌ನಲ್ಲಿ ಹುಟ್ಟಿದವರು. ಅಪ್ಪ ಸಂಗೀತದ ಮೇಷ್ಟ್ರು. ಇವರೂ ಮೊಂಟಾನಾ ಯೂನಿವರ್ಸಿಟಿಯಲ್ಲಿ ಕಲಿತಿದ್ದು ಸಂಗೀತವೇ. ಆಮೇಲೆ ನಾಟಕ, ಬ್ರಾಡ್‌ವೇ. 1997ರಲ್ಲಿ 'ಓಝ್' ಅನ್ನೋ ಜೈಲಿನ ಧಾರಾವಾಹಿ ಶುರುವಾಯ್ತು. ಅದರಲ್ಲಿ ಇವರು ನಾಜಿ ಮನಸ್ಸಿನ ಕೈದಿ, ನೋಡಿದರೆ ರಾತ್ರಿ ನಿದ್ದೆ ಬರಲ್ಲ. ಅದೇ ವರ್ಷಗಳಲ್ಲಿ 'ಲಾ ಆ್ಯಂಡ್ ಆರ್ಡರ್'ನಲ್ಲಿ ಪೊಲೀಸರಿಗೆ ಸಲಹೆ ಕೊಡುವ ಶಾಂತ ಮನೋವೈದ್ಯ. ಒಂದು ಚಾನೆಲ್‌ನಲ್ಲಿ ಹುಚ್ಚು ಹಿಡಿಸೋರು, ಇನ್ನೊಂದರಲ್ಲಿ ಹುಚ್ಚು ಬಿಡಿಸೋರು. ಆಮೇಲೆ ಸ್ಪೈಡರ್‌ಮ್ಯಾನ್. 'ಜೂನೋ'ದಲ್ಲಿ ಬಸುರಿಯಾದ ಹೈಸ್ಕೂಲ್ ಹುಡುಗಿಯ ಅಪ್ಪ. 2005ರಿಂದ ಏಳು ವರ್ಷ 'ದ ಕ್ಲೋಸರ್'ನಲ್ಲಿ ಪೊಲೀಸ್ ಅಧಿಕಾರಿ. ಎಂ ಆ್ಯಂಡ್ ಎಂ ಮಿಠಾಯಿ ಜಾಹೀರಾತಿನ ಹಳದಿ ಗುಂಡಿಗೆ ದನಿ ಕೂಡ ಇವರದ್ದೇ. ಹೆಸರು ಗೊತ್ತಿಲ್ಲದೆ ಇರಬಹುದು, ಮುಖ ಗೊತ್ತಿಲ್ಲದ ಮನೆ ಅಮೆರಿಕದಲ್ಲಿ ಇರಲಿಕ್ಕಿಲ್ಲ. ಆಸ್ಕರ್ ಬಂದಿದ್ದು 2015ರ ಫೆಬ್ರವರಿಯಲ್ಲಿ, ಆಗ 60 ಹೌದು. ಫೋಟೋ ಮಾತ್ರ ಅದರ ಮುಂದಿನ ವರ್ಷದ್ದು, ಜಿಮ್‌ನಲ್ಲಿ ತೆಗೆದದ್ದು. ಇನ್ನೊಂದು, ಅವತ್ತು ಅವರು ಹೇಳಿದ್ದು ಬರೀ ಅಮ್ಮನಿಗೆ ಅಲ್ಲ. ಅಮ್ಮನಿಗೆ ಮಾಡಿ, ಅಪ್ಪನಿಗೆ ಮಾಡಿ, ಮೆಸೇಜು ಬೇಡ, ಇಮೇಲು ಬೇಡ, ಫೋನೇ ಮಾಡಿ, ಅವರು ಎಷ್ಟು ಹೊತ್ತು ಮಾತಾಡ್ತಾರೋ ಅಷ್ಟು ಹೊತ್ತು ಕೇಳಿಸಿಕೊಳ್ಳಿ, ಅಂದಿದ್ದು. ನಿಮ್ಮ ಫಾರ್ವರ್ಡ್‌ನಲ್ಲಿ ಅಪ್ಪನನ್ನ ಯಾರೋ ಕತ್ತರಿಸಿದ್ದಾರೆ."

ಉತ್ತರವಾಗಿ ದೊಡ್ಡಪ್ಪ ಒಂದು ಹೆಬ್ಬೆರಳು ಹಾಕಿದರು. ಓದಿಲ್ಲ ಅಂತ ಅದರಿಂದಲೇ ಗೊತ್ತಾಯ್ತು. ಓದಿದ್ದರೆ ಅಪ್ಪನನ್ನ ಕತ್ತರಿಸಿದ್ದಕ್ಕೆ ಬಿಡ್ತಿದ್ದರಾ?

ಅದರ ಬದಲು ಇದು ಬಂತು: "ನೋಡಿ ಮಕ್ಕಳೇ, ಸಂಗೀತದ ಗುರುವಿನ ಪಾತ್ರಕ್ಕೆ ಆ ಪ್ರಶಸ್ತಿ ಬಂದಿದ್ದಂತೆ. ಗುರುವಿನ ಪಾತ್ರ ಮಾಡಬೇಕಾದರೆ ಒಳಗೆ ಸಂಸ್ಕಾರ ಇರಬೇಕು. ನಮ್ಮ ಚಾಮಯ್ಯ ಮೇಷ್ಟ್ರ ಹಾಗೆ."

ಆ ಸಿನಿಮಾ 'ವಿಪ್‌ಲ್ಯಾಶ್'. ನೋಡಿದವರು ಗ್ರೂಪಿನಲ್ಲಿ ನಾನು, ನನ್ನ ತಮ್ಮ, ನ್ಯೂಜೆರ್ಸಿ ಅಣ್ಣ, ಮೂರೇ ಜನ. ಮೂವರೂ ಒಂದೇ ಸಲ 'ಟೈಪಿಂಗ್' ಅಂತ ತೋರಿಸಿತು, ಮೂವರೂ ನಿಲ್ಲಿಸಿದೆವು.

ನಾಗರಹಾವಿನ ಅಶ್ವಥ್‌ಗೂ ಈ ಸಿಮನ್ಸ್‌ಗೂ ಹೋಲಿಕೆ ಅಂದರೆ ದೇವರೇ ಗತಿ. ಕಾಲೇಜಿನ ಜಾಝ್ ತಂಡಕ್ಕೆ ಹೊಸದಾಗಿ ಸೇರಿದ ಡ್ರಮ್ಮರ್ ಹುಡುಗನನ್ನ ಈ ಗುರು ಮೊದಲು ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಪ್ರೀತಿಯಿಂದ ಮನೆ ಕಡೆ ವಿಚಾರ ಕೇಳ್ತಾನೆ. ಅಪ್ಪ ಏನು ಮಾಡ್ತಾರೆ, ಅಮ್ಮ ಏನು ಮಾಡ್ತಾರೆ. ಅಮ್ಮ ಬಿಟ್ಟು ಹೋಗಿದ್ದಾಳೆ ಅಂತ ಹುಡುಗ ನಂಬಿಕೆಯಿಂದ ಹೇಳ್ತಾನೆ. ಸ್ವಲ್ಪ ಹೊತ್ತಿಗೆ ತಾಳ ತಪ್ಪುತ್ತೆ. ಕುರ್ಚಿ ತಲೆಯ ಕಡೆಗೇ ಹಾರಿ ಬರುತ್ತೆ. ಮುಖಕ್ಕೆ ಮುಖ ಕೊಟ್ಟು ನಿಂತು, ಲೆಕ್ಕ ಎಣಿಸು ಅಂತಾನೆ. ಹುಡುಗ ಒಂದು ಎರಡು ಮೂರು ಅನ್ನೋಷ್ಟರಲ್ಲಿ ನಾಲ್ಕಕ್ಕೆ ಕೆನ್ನೆಗೆ ಏಟು. ಮತ್ತೆ ಎಣಿಸು. ಮತ್ತೆ ಏಟು. ಈಗ ಹೇಳು, ನಾನು ತಾಳಕ್ಕಿಂತ ಮುಂದೆ ಓಡಿದೆನಾ, ಹಿಂದೆ ಎಳೆದೆನಾ? ಹುಡುಗನ ಕಣ್ಣಲ್ಲಿ ನೀರು ಬಂದ ಮೇಲೆ, ಬಿಟ್ಟು ಹೋದ ಆ ಅಮ್ಮನನ್ನೇ ಎತ್ತಿಕೊಂಡು ಇಡೀ ತಂಡದ ಮುಂದೆ ಬೈತಾನೆ. ಅಮ್ಮನಿಗೆ ಫೋನ್ ಮಾಡಿ ಅಂದ ಬಾಯಿಗೆ ಪ್ರಶಸ್ತಿ ಬಂದಿದ್ದು ಆ ಬೈಗುಳಕ್ಕೆ!

ನನಗೆ ಆ ಪಾತ್ರದಲ್ಲಿ ಇವತ್ತಿಗೂ ಮರೆಯದ್ದು ಏಟಲ್ಲ, ಕೈ. ತಂಡ ನಿಲ್ಲಿಸಬೇಕಾದಾಗ ಬೆರಳೆಲ್ಲ ಮಡಿಸಿ, ಗಾಳಿಯಲ್ಲಿ ನೊಣ ಹಿಡಿದ ಹಾಗೆ ಮುಷ್ಟಿ ಕಟ್ಟೋದು. ಸಂಗೀತ ಕಲಿತವರ ಕೈ ಅದು, ನಟನೆಗೆ ಅಂತ ಒಂದು ತಿಂಗಳಲ್ಲಿ ಬರೋದಲ್ಲ. ಮೊಂಟಾನಾದಲ್ಲಿ ಓದಿದ್ದು ಮೂವತ್ತೈದು ವರ್ಷ ಆದ ಮೇಲೆ ಕೆಲಸಕ್ಕೆ ಬಂತು.

ಕೊನೆಗೆ ನನ್ನ ತಮ್ಮನೇ ತಡೆಯಲಾರದೆ ಆ ದೃಶ್ಯದ ತುಣುಕು ಹಾಕಿಬಿಟ್ಟ. ಬೈಗುಳ ಸಮೇತ. ಅತ್ತೆ ಪೂಜೆಗೆ ಕೂತಿದ್ದಾಗ ಫೋನ್ ಕೂಗಿಕೊಂಡಿತಂತೆ.

ದೊಡ್ಡಪ್ಪ ಎರಡು ನಿಮಿಷ ಮೌನ. ಆಮೇಲೆ: "ಪೂರ್ತಿ ನೋಡಿದೆ. ಭಾಷೆ ಸರಿಯಿಲ್ಲ. ಆದರೆ ಶಿಸ್ತು ಇದೆ."

ಇಲ್ಲಿಗೆ ಬಾಬಣ್ಣ ಬಂದ. ಬಾಬಣ್ಣ ಬಂದ ಅಂದರೆ ವಿಷಯ ಹಾಸನದ ಹಳೇ ಮನೆಗೆ ಹೋಯ್ತು ಅಂತಲೇ ಅರ್ಥ. "ಇದು ನೋಡಿ ನನ್ನ ಮೃದಂಗದ ಮೇಷ್ಟ್ರು ನೆನಪಾದರು. ಬೀಸಣಿಗೆ ಕಡ್ಡಿ ಇಟ್ಕೊಂಡು ಕೂರ್ತಿದ್ರು. ಮಿಶ್ರಚಾಪು ತಪ್ಪಿದರೆ ಗೆಣ್ಣಿಗೆ ಬೀಳ್ತಿತ್ತು. ದೊಡ್ಡಮ್ಮ ಒಳಗಿಂದ ಬಂದು ಮೇಷ್ಟ್ರಿಗೆ ಕಾಫಿ ಕೊಟ್ಟು, ನನ್ನ ಕೈಗೆ ಬೆಣ್ಣೆ ಹಚ್ಚಿ ಹೋಗ್ತಿದ್ರು. ಆ ಹಜಾರ, ಆ ಉಯ್ಯಾಲೆ ಮಣೆ... ಆ ಮಣೆ ಈಗ ಯಾರ ಮನೇಲಿದೆ?"

ಉಯ್ಯಾಲೆ ಮಣೆ ಯಾರ ಮನೆಯಲ್ಲಿದೆ ಅನ್ನೋದು ಗ್ರೂಪಿನ ನಿಷೇಧಿತ ವಿಷಯ. ಮೈಸೂರು ಮಾವ ಆಫ್‌ಲೈನ್ ಆದರು.

ಅಣ್ಣ ಆಗ ಬಾಯಿಬಿಟ್ಟ. ಬುದ್ಧಿವಂತ, ಅಪ್ಪನ ಬಾಣಕ್ಕೆ ಎದೆ ಕೊಡದೆ ಪಕ್ಕಕ್ಕೆ ಸರಿದ: "ಗೊತ್ತಾ, ಆ ಸಿನಿಮಾದ ಡೈರೆಕ್ಟರ್ ಡೇಮಿಯನ್ ಶಾಝೆಲ್ ನಮ್ಮ ಪಕ್ಕದ ಪ್ರಿನ್ಸ್‌ಟನ್ ಹೈಸ್ಕೂಲ್‌ನವನು. ಅಲ್ಲೇ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸ್ತಿದ್ದ. ನಮ್ಮ ಮನೆಯಿಂದ ಅರ್ಧ ಗಂಟೆ ಡ್ರೈವ್. ಮೊದಲು ಹದಿನೆಂಟು ನಿಮಿಷದ ಕಿರುಚಿತ್ರ ಮಾಡಿ, ಅದನ್ನ ತೋರಿಸಿ ದುಡ್ಡು ಹುಟ್ಟಿಸಿದ್ದು. ಅದರಲ್ಲೂ ಗುರು ಸಿಮನ್ಸೇ. ಪೂರ್ತಿ ಸಿನಿಮಾ 19 ದಿನದಲ್ಲಿ ಮುಗೀತು."

ಅಕ್ಕ, ಅಂದರೆ ಇವನ ತಂಗಿ, ನನಗೆ ಅಕ್ಕ, ಬೆಂಗಳೂರಿನಿಂದ: "ಹೈಸ್ಕೂಲಿಗೆ ಅರ್ಧ ಗಂಟೆ ಅನ್ನೋದು ಗೊತ್ತಿದೆ. ಅಮ್ಮನ ಕಣ್ಣಿನ ಆಪರೇಷನ್ ಆಗಿ ಹದಿನಾರು ದಿನ ಆಯ್ತು ಅನ್ನೋದು ಗೊತ್ತಾ?"

ಗ್ರೂಪು ತಣ್ಣಗಾಯ್ತು. ಅತ್ತೆ ಕೂಡ ಹೂವು ಹಾಕಲಿಲ್ಲ.

ಅಣ್ಣ: "ನಾನು ಮೆಸೇಜ್ ಮಾಡಿದ್ದೆ."

ಅಕ್ಕ: "ಸಿಮನ್ಸ್ ಏನಂದಿದ್ದು? ಮೆಸೇಜು ಬೇಡ ಅಂದಿದ್ದು. ಕಣ್ಣಿಗೆ ಪಟ್ಟಿ ಕಟ್ಟಿದ್ದರು ಅಣ್ಣ. ಮೆಸೇಜ್ ಓದಿ ಹೇಳಿದ್ದು ನಾನು."

ಒಬ್ಬಳಾದರೂ ನನ್ನ ಉದ್ದ ಮೆಸೇಜ್ ಓದಿದಳಲ್ಲ ಅನ್ನೋ ಸಂತೋಷ ಆ ಹೊತ್ತಲ್ಲೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಮಾವ ಆನ್‌ಲೈನ್‌ಗೆ ಬಂದು, "ಒಟ್ಟಿನಲ್ಲಿ ಫಾರ್ವರ್ಡ್ ಸುಳ್ಳು ಅಂತ ಆಯ್ತಲ್ಲ" ಅಂದರು. ದೊಡ್ಡಪ್ಪ, "60ಕ್ಕೆ ಮುಂಚೆ ಆತ ಯಾರಿಗೆ ಗೊತ್ತಿದ್ದ? ನಮ್ಮ ಮನೇಲಿ ಒಬ್ಬರು ಹೇಳಲಿ ನೋಡೋಣ" ಅಂತ ಸವಾಲು ಹಾಕಿದರು. ಸ್ಪೈಡರ್‌ಮ್ಯಾನ್ ಲೆಕ್ಕಕ್ಕಿಲ್ಲವಂತೆ, ಅದು ಮಕ್ಕಳದ್ದಂತೆ.

ಆಗ ಒಂದು ಧ್ವನಿ ಸಂದೇಶ ಬಂತು. ದೊಡ್ಡಮ್ಮನದು. ಗ್ರೂಪ್ ಶುರುವಾಗಿ ಆರು ವರ್ಷದಲ್ಲಿ ಅವರು ಮಾತಾಡಿದ್ದು ಇದೇ ಮೊದಲು. ಹಿಂದೆ ಕುಕ್ಕರ್ ಕೂಗ್ತಾ ಇತ್ತು.

"ನಂಗೆ ಗೊತ್ತಿತ್ತು. ಈ ಫೋಟೋದಲ್ಲಿ ಗಡ್ಡ ಇರೋದಕ್ಕೆ ಗುರುತು ಹತ್ತಲಿಲ್ಲ, ಆ ಬೈಯೋ ವಿಡಿಯೋದಲ್ಲಿ ದನಿ ಕೇಳಿ ಗೊತ್ತಾಯ್ತು. 2012ರಲ್ಲಿ ಮಗು ನೋಡ್ಕೊಳ್ಳೋಕೆ ಎಡಿಸನ್‌ಗೆ ಹೋಗಿದ್ನಲ್ಲ, ಬೀಗಿತ್ತಿ ವಾಪಸ್ ಬಂದ್ಮೇಲೆ. ಆರು ತಿಂಗಳು. ಬೆಳಿಗ್ಗೆ ಎಂಟಕ್ಕೆ ಇಬ್ರೂ ಆಫೀಸಿಗೆ ಹೋಗ್ಬಿಡೋರು, ಬರೋದು ಏಳಕ್ಕೆ. ಮಗು ಮಲಗಿರೋದು. ಹೊರಗೆ ಹಿಮ. ಫೋನ್ ಮಾಡೋಣ ಅಂದ್ರೆ ಇಲ್ಲಿ ನಿಮಗೆಲ್ಲ ಅರ್ಧರಾತ್ರಿ. ಟೀವಿ ಹಾಕಿದ್ರೆ ಇನ್ಶೂರೆನ್ಸ್ ಜಾಹೀರಾತಿಗೆ ಇವರು ಬರೋರು, ಕಾಲೇಜು ಮೇಷ್ಟ್ರ ಥರ, ಸೂಟ್ ಹಾಕ್ಕೊಂಡು. ಏನೋ ತಿಳಿಸಿ ಹೇಳೋರು. ನಂಗೆ ಇಂಗ್ಲಿಷ್ ಪೂರ್ತಿ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಮುಖ ನೋಡಿ ಮಾತಾಡಿದ ಹಾಗೆ ಇರೋದು. ಕೊನೇಲಿ ಒಂದು ರಾಗ ಬರ್ತಿತ್ತು, ಬಂ ಪ ಡಂ ಬಂ ಬಂ ಬಂ ಅಂತ. ಅದಕ್ಕೆ ಮಗು ನಗೋದು. ಅದು ನಗುತ್ತೆ ಅಂತ ನಾನೂ ಹಾಡ್ತಿದ್ದೆ. ಒಳ್ಳೆ ಮನುಷ್ಯ. ಈಗ ಅವರಿಗೆ ಪ್ರೈಜ್ ಬಂದಿದ್ದು ಒಳ್ಳೇದಾಯ್ತು. ಜಗಳ ಆಡ್ಬೇಡಿ. ಇವರ ಬಿಪಿ ಮಾತ್ರೆ ಇನ್ನೂ ಆಗಿಲ್ಲ."

ಫಾರ್ಮರ್ಸ್ ಅನ್ನೋ ವಿಮಾ ಕಂಪನಿಯ ಜಾಹೀರಾತು ಅದು. 2010ರಿಂದ ಸಿಮನ್ಸ್ ಅದರಲ್ಲಿ ಪ್ರೊಫೆಸರ್ ವೇಷ. ತಾರೀಖು ಸರಿಹೊಂದುತ್ತೆ, ನಾನು ತಾಳೆ ನೋಡಿದೆ. ಮಾವನೂ ನೋಡಿರಬೇಕು, ಯಾಕೆಂದರೆ ಈ ಸಲ ಸೋರ್ಸ್ ಕೇಳಲಿಲ್ಲ.

ಅಣ್ಣ ಹನ್ನೊಂದು ನಿಮಿಷ ಏನೂ ಬರೆಯಲಿಲ್ಲ. ಆಮೇಲೆ, ಗ್ರೂಪಿನಲ್ಲೇ, "ಅಮ್ಮ, ಈಗ ಫೋನ್ ಮಾಡ್ಲಾ?" ಅಂದ.

ಇನ್ನೊಂದು ಧ್ವನಿ ಸಂದೇಶ, ನಾಲ್ಕು ಸೆಕೆಂಡಿನದ್ದು: "ಈಗ ಬೇಡಪ್ಪ, ನಿಂಗೆ ರಾತ್ರಿ ಆಯ್ತು, ಮಲಕ್ಕೋ. ಇಲ್ಲಿ ಹಾಲು ಒಲೆ ಮೇಲಿದೆ."

ಮಾವ ಆಮೇಲೆ ನನಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿದರು: ಉಯ್ಯಾಲೆ ಮಣೆ ನಮ್ಮನೇಲಿದೆ ಅಂತ ಬಾಬುಗೆ ಹೇಳ್ಬೇಡ.