ಸಹಾಯ ಬೇಕು: ಬಿಎಸ್ಸಿ ನರ್ಸಿಂಗ್ ಸೇರುವ ಹುಡುಗನಿಗೆ ಬಣ್ಣದ ದೃಷ್ಟಿದೋಷ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ಪಿಯುಸಿ ಸೈನ್ಸ್ ಮುಗಿಸಿ ಬಿಎಸ್ಸಿ ನರ್ಸಿಂಗ್‌ಗೆ ಸೇರುತ್ತಿದ್ದಾನೆ. ಮೆಡಿಕಲ್ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು ಅಂತ ಮೊನ್ನೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬಿಪಿ, ರಕ್ತ ಎಲ್ಲಾ ಸರಿ ಇತ್ತು. ಆಮೇಲೆ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆಗೆದರು, ಅದೇ ಇಶಿಹಾರ ಟೆಸ್ಟ್. ಮೊದಲ ಪುಟದ 12 ಸರಿಯಾಗಿ ಓದಿದ, ಆದರೆ ನನಗೆ ಸ್ಪಷ್ಟವಾಗಿ 74 ಅಂತ ಕಾಣುತ್ತಿದ್ದ ಪುಟದಲ್ಲಿ ಅವನು 21 ಅಂದ. ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲವಂತೆ. ಹುಡುಗ ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ, ನೋಡೋಕೆ ಆಗ್ತಿಲ್ಲ.

ಬಣ್ಣ ಸರಿಪಡಿಸುವ ಲೆನ್ಸ್ ಅಥವಾ ಕನ್ನಡಕ ಹಾಕಿದರೆ ಸೇರಬಹುದು ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಲ್ಲೇ ಇದೆ. ಆದರೂ ಕಾಲೇಜಿನವರು ಫೋನಿನಲ್ಲಿ ಆಗಲ್ಲ ಅನ್ನುತ್ತಿದ್ದಾರೆ. ಹೀಗೆ ಸೇರಿ ಓದಿದವರು ಯಾರಾದರೂ ಇದ್ದೀರಾ? ಆ ಲೆನ್ಸ್ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ, ವಾರ್ಡಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತಾ? ಕಾಲೇಜಿಗೆ ಯಾವ ಡಾಕ್ಟರ ಪತ್ರ ಕೊಟ್ಟಿರಿ?

ಇನ್ನೊಂದು ವಿಷಯ. ಹೆಪಟೈಟಿಸ್ ಬಿ ಲಸಿಕೆ ಚಿಕ್ಕವನಿದ್ದಾಗ ಹಾಕಿಸಿದ್ದಕ್ಕೆ ನಮ್ಮ ಹತ್ತಿರ ತಾಯಿ ಕಾರ್ಡ್ ಇಲ್ಲ. ಹೊಸದಾಗಿ ಶುರು ಮಾಡಿದರೆ ಮೂರು ಡೋಸ್ ಮುಗಿಯೋಕೆ ಆರು ತಿಂಗಳು ಬೇಕು. ಮೊದಲೆರಡು ಡೋಸ್ ಆದಮೇಲೆ ಆಸ್ಪತ್ರೆ ಪೋಸ್ಟಿಂಗ್‌ಗೆ ಬಿಡುತ್ತಾರಾ? ಗೊತ್ತಿದ್ದವರು ದಯವಿಟ್ಟು ಹೇಳಿ, ಅಡ್ಮಿಷನ್ ಮುಗಿಯೋಕೆ ಜಾಸ್ತಿ ದಿನ ಇಲ್ಲ.