ರಣಹದ್ದಿಗೆ ವಿಷ, ದೊಡ್ಡಪ್ಪನ ಮಂಡಿಗೆ ಮದ್ದು

ಗುಂಪು: ನಮ್ಮ ಬಳಗ, ಬನಶಂಕರಿ

ಶಂಕರ್: (ಫಾರ್ವರ್ಡ್) ಎಚ್ಚರ!! ಲಕ್ಷಾಂತರ ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ಎಂಬ ವಿಷವನ್ನೇ ಮಂಡಿನೋವಿಗೆಂದು ನಿಮಗೆ ನುಂಗಿಸುತ್ತಿದ್ದಾರೆ! ಹಕ್ಕಿಯ ಕಿಡ್ನಿ ಹಾಳು ಮಾಡಿದ ಮಾತ್ರೆ ನಿಮ್ಮ ಕಿಡ್ನಿಯನ್ನು ಬಿಟ್ಟೀತೇ? ಎಲ್ಲರಿಗೂ ಕಳಿಸಿ 🙏🙏

ಶಂಕರ್: ಎಲ್ಲರೂ ಓದಿ. ನಾನಂತೂ ಇವತ್ತಿನಿಂದ ಮಾತ್ರೆ ನಿಲ್ಲಿಸಿದೆ.

ಉಮಾ: ಅಯ್ಯೋ ಭಾವ, ನಾನು ದಿನಾ ಹಚ್ಚಿಕೊಳ್ಳುವ ಜೆಲ್ ಮೇಲೂ ಇದೇ ಹೆಸರಿದೆಯಲ್ಲ!

ವಿನಯ್: ದೊಡ್ಡಪ್ಪ, ಸುಮ್ನೆ ಹೆದರಿಸಬೇಡಿ. ಹದ್ದು ಬೇರೆ, ನಾವು ಬೇರೆ. ಚಾಕೊಲೇಟ್ ನಾಯಿಗೆ ವಿಷ. ಹಾಗಂತ ನಾವು ತಿನ್ನುವುದು ಬಿಟ್ಟಿದ್ದೀವಾ?

ಶಂಕರ್: ಹದ್ದುಗಳು ಸತ್ತಿದ್ದು ಸುಳ್ಳಾ ಹಾಗಾದರೆ? ರಾಮನಗರದ ಬೆಟ್ಟದಲ್ಲಿ ಎಷ್ಟು ಉಳಿದಿವೆ, ಹೋಗಿ ನೋಡಿಕೊಂಡು ಬಾ.

ವಿನಯ್: ಸಹನಾ ಅಕ್ಕ, ನೀನು ವಿಷಗಳನ್ನು ಅಧ್ಯಯನ ಮಾಡುವ ಟಾಕ್ಸಿಕಾಲಜಿ ಲ್ಯಾಬ್‌ನಲ್ಲಿ ಇರುವುದು ಯಾತಕ್ಕೆ? ಹೇಳು.

ಸಹನಾ: ಸತ್ತಿದ್ದು ನಿಜ ವಿನಯ್. ದನಗಳಿಗೆ ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಆ ದನ ಸತ್ತರೆ ಹದ್ದು ತಿನ್ನುತ್ತಿತ್ತು. ಕೆಲವೇ ದಿನದಲ್ಲಿ ಅದರ ಕಿಡ್ನಿ ನಿಂತು, ಯೂರಿಕ್ ಆಸಿಡ್ ಹೊರಹೋಗದೆ ಹೃದಯ, ಲಿವರ್ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರುತ್ತಿತ್ತು. ಮೊದಲು ಏನೋ ವೈರಸ್ ಇರಬೇಕು ಅಂದುಕೊಂಡಿದ್ದರು. ಕಾರಣ ಗೊತ್ತಾಗಿದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ. 2006ರಲ್ಲಿ ನಮ್ಮಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಆದರೂ ಮನುಷ್ಯರಿಗೆಂದು ಇದ್ದ ದೊಡ್ಡ ಬಾಟಲಿಗಳನ್ನು ದನಗಳಿಗೆ ಬಳಸುತ್ತಿದ್ದರು. ಅದಕ್ಕೇ 2015ರಲ್ಲಿ ಇಂಜೆಕ್ಷನ್ ಬಾಟಲಿ 3 ಮಿ.ಲೀ.ಗಿಂತ ದೊಡ್ಡದಿರಬಾರದು ಎಂದು ಮಾಡಿದರು.

ಶಂಕರ್: ನೋಡಿದೆಯಾ ವಿನಯ್? ನಾನು ಹೇಳಿದ್ದೂ ಇದೇ.

ಸಹನಾ: ಇಲ್ಲಿಯವರೆಗೆ ಸರಿ ದೊಡ್ಡಪ್ಪ. "ಆದ್ದರಿಂದ ನಮಗೂ ವಿಷ" ಅಂತ ಹಾರುತ್ತಾರಲ್ಲ, ತಕರಾರು ಅಲ್ಲಿ. ಹೀಗೆ ಸತ್ತ ಜಾತಿಯ ಹದ್ದಿಗೆ ಕಿಲೋ ತೂಕಕ್ಕೆ 0.1ರಿಂದ 0.2 ಮಿ.ಗ್ರಾಂ ಸೇರಿದರೆ ಸಾವು. ನೀವು ನುಂಗುವ 50 ಮಿ.ಗ್ರಾಂ ಮಾತ್ರೆ ನಿಮ್ಮ ತೂಕಕ್ಕೆ ಲೆಕ್ಕ ಹಾಕಿದರೆ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಆದರೂ ನೀವು ಬೆಳಿಗ್ಗೆ ವಾಕಿಂಗ್ ಹೋಗಿ ಬಂದಿರಿ. ಅಮೆರಿಕದ ಟರ್ಕಿ ವಲ್ಚರ್ ಅನ್ನುವ ಹದ್ದಿಗೆ ಇದರ 100 ಪಟ್ಟಿಗೂ ಜಾಸ್ತಿ ಕೊಟ್ಟರೂ ಏನೂ ಆಗಲಿಲ್ಲ. ಹೆಸರಲ್ಲಿ ಅದೂ ಹದ್ದೇ.

ವಿನಯ್: ಅದನ್ನೇ ನಾನು ಹೇಳಿದ್ದು. ಹದ್ದು ಬೇರೆ, ನಾವು ಬೇರೆ.

ಸಹನಾ: "ಬೇರೆ" ಅಂದರೆ ಉತ್ತರ ಆಗುವುದಿಲ್ಲ ಕಣೋ. ಎಲ್ಲಿ ಬೇರೆ ಅಂತ ತೋರಿಸಬೇಕು. ನಮ್ಮಲ್ಲಿ ಇದಕ್ಕೆ ಅಡ್ವರ್ಸ್ ಔಟ್‌ಕಮ್ ಪಾತ್‌ವೇ, ಎಒಪಿ ಅನ್ನುತ್ತಾರೆ, ಅಂದರೆ ಹಾನಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ದಾರಿ. 2010ರಲ್ಲಿ ಬಂದ ಚೌಕಟ್ಟು, 2012ರಿಂದ ಒಇಸಿಡಿ ಅನ್ನುವ ದೇಶಗಳ ಒಕ್ಕೂಟ ಇದಕ್ಕೆಂದೇ ಒಂದು ಕಾರ್ಯಕ್ರಮ ನಡೆಸುತ್ತಿದೆ. ರಾಸಾಯನಿಕ ಮೊದಲು ಮೈಯಲ್ಲಿ ಯಾವ ಅಣುವನ್ನು ಹಿಡಿಯುತ್ತದೆ? ಅದರಿಂದ ಜೀವಕೋಶದಲ್ಲಿ ಏನು ಕೆಡುತ್ತದೆ? ಆಮೇಲೆ ಅಂಗ, ಆಮೇಲೆ ಇಡೀ ಪ್ರಾಣಿ, ಕೊನೆಗೆ ಆ ಪ್ರಾಣಿಗಳ ಒಟ್ಟು ಸಂಖ್ಯೆ. ಒಂದೊಂದು ಮೆಟ್ಟಿಲಿಗೂ ಸಾಕ್ಷಿ ಕೇಳುತ್ತಾರೆ. ಮುಂದಿನ ಮೆಟ್ಟಿಲಿಗೆ ಸಾಕಾಗುವಷ್ಟು ಪೆಟ್ಟು ಬೀಳದಿದ್ದರೆ ಮೈ ಅಲ್ಲೇ ಸುಧಾರಿಸಿಕೊಳ್ಳುತ್ತದೆ.

ವಿನಯ್: ಸರಿ, ಹದ್ದಿನ ಮೆಟ್ಟಿಲು ಹೇಳು. ಡೈಕ್ಲೋಫೆನಾಕ್ ಮೈಯಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಾಗುವುದನ್ನು ತಡೆಯುತ್ತದೆ, ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ. ಅಷ್ಟೇ ತಾನೇ? ಹಾಗಾದರೆ ದನಗಳಿಗೆ ಅದರ ಬದಲು ಕೊಡುವ ಮೆಲೋಕ್ಸಿಕಾಮ್ ಕೂಡ ಅದನ್ನೇ ತಡೆಯುತ್ತದೆ. ಅದನ್ನು ತಿಂದರೂ ಹದ್ದು ಸಾಯುವುದಿಲ್ಲವಂತೆ. ನಿನ್ನ ಚೌಕಟ್ಟು ಬಿತ್ತು!

ಉಮಾ: ಗೂಗಲ್ ಮಾಡಿಕೊಂಡು ಬಂದ ನೋಡಿ 😂

ಸಹನಾ: ಒಳ್ಳೆಯ ಪ್ರಶ್ನೆ, ನಗಬೇಡಿ ಚಿಕ್ಕಮ್ಮ. ಮೊದಲ ಮೆಟ್ಟಿಲು ಯಾವುದು ಅಂತ ಸಂಶೋಧಕರೇ ಇನ್ನೂ ಜಗಳ ಆಡುತ್ತಾರೆ. ಕೆಲವರು ರಕ್ತದ ಹರಿವು ಅನ್ನುತ್ತಾರೆ. ಇನ್ನು ಕೆಲವರು ಕಿಡ್ನಿಯ ಕೋಶಗಳು ಯೂರಿಕ್ ಆಸಿಡ್ ಹೊರಹಾಕುವುದೇ ಕೆಟ್ಟುಹೋಗುತ್ತದೆ ಅನ್ನುತ್ತಾರೆ. ಮೆಲೋಕ್ಸಿಕಾಮ್ ಹದ್ದಿನ ಮೈಯಿಂದ ಬೇಗ ಹೋಗಿಬಿಡುತ್ತದೆ. ಡೈಕ್ಲೋಫೆನಾಕ್ ಗಂಟೆಗಟ್ಟಲೆ ಉಳಿಯುತ್ತದೆ. ನಮ್ಮ ರಕ್ತದಲ್ಲಿ ಒಂದೆರಡು ಗಂಟೆಗೇ ಅರ್ಧ ಆಗುತ್ತದೆ. ಚೌಕಟ್ಟು ಬೀಳಲಿಲ್ಲ ವಿನಯ್, ಯಾವ ಮೆಟ್ಟಿಲು ಸಡಿಲ ಅಂತ ತೋರಿಸಿತು.

ವಿನಯ್: ಇದರಿಂದ ಪ್ರಯೋಜನ?

ಸಹನಾ: ಅಸೆಕ್ಲೋಫೆನಾಕ್ ಬೇರೆ ಮದ್ದು, ಬೇರೆ ಹೆಸರು. ದನದ ಮೈಯಲ್ಲಿ ಅದು ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಹಾಗೆ ಆಗುತ್ತದೆ ಅಂತ ಗೊತ್ತಾದ ಮೇಲೆ, ಇನ್ನೊಂದು ಸಲ ಹಕ್ಕಿಗಳು ಸಾಯುವುದನ್ನು ನೋಡುತ್ತಾ ಕೂರಬೇಕಾ? 2023ರಲ್ಲಿ ದನಗಳಿಗೆ ಅದನ್ನೂ ಕೀಟೋಪ್ರೊಫೆನ್ ಎಂಬ ಇನ್ನೊಂದು ನೋವಿನ ಮದ್ದನ್ನೂ ನಿಷೇಧಿಸಿದರು.

ಶಂಕರ್: ನಿಮ್ಮ ಮೆಟ್ಟಿಲು ಸಾಕು. ನನ್ನ ಕಿಡ್ನಿಗೆ ಏನೂ ಆಗುವುದಿಲ್ಲ ಅಂತ ಬರೆದುಕೊಡುತ್ತೀಯಾ ಪುಟ್ಟಿ?

ಸಹನಾ: ಬರೆದುಕೊಡುವುದಿಲ್ಲ! ನೀವು ಬೇರೆ ಯಾವ ಮಾತ್ರೆ ತಗೊಳ್ತೀರಿ? ಸ್ಟ್ರಿಪ್ ಫೋಟೋ ಹಾಕಿ.

ಶಂಕರ್: 📷

ಸಹನಾ: ಟೆಲ್ಮಿಸಾರ್ಟಾನ್, ಅದರಲ್ಲೇ ಹೈಡ್ರೋಕ್ಲೋರೋಥಯಾಜೈಡ್. ಅಂದರೆ ಬಿಪಿ ಮದ್ದು ಮತ್ತು ಮೂತ್ರ ಹೋಗಿಸುವ ಮದ್ದು ಒಂದೇ ಮಾತ್ರೆಯಲ್ಲಿ. ಇದರ ಜೊತೆ ದಿನಾ ಡೈಕ್ಲೋಫೆನಾಕ್ ಎಷ್ಟು ಸಮಯದಿಂದ? ಯಾರು ಬರೆದುಕೊಟ್ಟಿದ್ದು?

ಶಂಕರ್: ಮೆಡಿಕಲ್ ಶಾಪ್‌ನವನು ಕೊಟ್ಟ. ಎಲ್ಲರೂ ಹಾಗೇ ತಗೊಳ್ತಾರೆ.

ಸಹನಾ: ದೊಡ್ಡಪ್ಪ, ನಿಮ್ಮ ಏರಿಯಾದಲ್ಲಿ ನೀರು ಬಿಡುವವನು ವಾಲ್ವ್ ತಿರುಗಿಸುತ್ತಾನಲ್ಲ, ಹಾಗೆ ಅಂದುಕೊಳ್ಳಿ. ಕಿಡ್ನಿಯ ಜರಡಿಗೆ ರಕ್ತ ಬರುವ ವಾಲ್ವನ್ನು ಕಷ್ಟಕಾಲದಲ್ಲಿ ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್. ನೋವಿನ ಮಾತ್ರೆ ಅದನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಆಚೆ ಕಡೆ ಹೋಗುವ ವಾಲ್ವನ್ನು ಸಡಿಲ ಮಾಡುತ್ತದೆ. ಮೂತ್ರದ ಮದ್ದು ಒಟ್ಟು ನೀರನ್ನೇ ಇಳಿಸುತ್ತದೆ. ಒಂದೊಂದನ್ನೇ ಆದರೆ ಕಿಡ್ನಿ ಸಂಭಾಳಿಸೀತು. ಮೂರೂ ಸೇರಿ, ಮೇಲೆ ಒಂದು ದಿನ ಬೇಧಿಯೋ ವಾಂತಿಯೋ ಆದರೆ ಜರಡಿಯಲ್ಲಿ ಪ್ರೆಷರ್ರೇ ಇರುವುದಿಲ್ಲ. ನಿಮ್ಮ ವಯಸ್ಸಿಗೆ ಇದು ನಿಜವಾದ ಅಪಾಯ. ಹದ್ದಿನ ಕಥೆಗೂ ಇದಕ್ಕೂ ಸಂಬಂಧವೇ ಬೇಕಿಲ್ಲ.

ವಿನಯ್: ಇದು ನನಗೂ ಗೊತ್ತಿರಲಿಲ್ಲ.

ಶಂಕರ್: ಅಂದರೆ ನಾನು ನಿಲ್ಲಿಸಿದ್ದು ಸರಿ.

ವಿನಯ್: ಕಾರಣ ತಪ್ಪು ದೊಡ್ಡಪ್ಪ.

ಶಂಕರ್: ಕಾರಣ ನೀವಿಟ್ಟುಕೊಳ್ಳಿ, ಕಿಡ್ನಿ ನಾನಿಟ್ಟುಕೊಳ್ಳುತ್ತೇನೆ.

ಉಮಾ: ನನ್ನ ಜೆಲ್ ಕಥೆ?

ಸಹನಾ: ಜೆಲ್‌ನಿಂದ ರಕ್ತಕ್ಕೆ ಸೇರುವುದು ಮಾತ್ರೆಗಿಂತ ತುಂಬಾ ಕಡಿಮೆ ಚಿಕ್ಕಮ್ಮ. ಆದರೂ ಡಾಕ್ಟರ್ ಹತ್ತಿರ ಹೋದಾಗ ಒಂದು ಮಾತು ಹೇಳಿ. ದೊಡ್ಡಪ್ಪ, ನೀವು ಈ ವಾರವೇ ಕ್ರಿಯಾಟಿನಿನ್ ಮಾಡಿಸಿ, ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ ಅದು. ಮಂಡಿಗೆ ಬೇರೆ ಏನು ಅಂತ ಡಾಕ್ಟರೇ ಹೇಳಲಿ. ಬಿಪಿ ಮಾತ್ರೆ ಮಾತ್ರ ತಪ್ಪಿಸಬೇಡಿ.

ಶಂಕರ್: ಅದನ್ನೂ ಬೆಳಿಗ್ಗೆ ಬಿಟ್ಟೆನಲ್ಲ. ಎಲ್ಲ ಮಾತ್ರೆಯೂ ಕೆಮಿಕಲ್ಲೇ ಅಂತ.

ಸಹನಾ: ದೊಡ್ಡಪ್ಪ!! ಫೋನ್ ಎತ್ತಿ, ಕಾಲ್ ಮಾಡ್ತಿದ್ದೀನಿ.